ಸರೋಜಳ ಕಾಲು, ನನ್ನ ಹಿಮ್ಮಡಿ

ನಲವತ್ತೆರಡನೆಯ ವಯಸ್ಸಿನಲ್ಲಿ ನನ್ನ ದೇಹದಲ್ಲಿ ಯಾವ ದೋಷವೂ ಇರಲಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯ; ಬೇರೆ ಯಾರನ್ನೂ ಕೇಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಮನೆಮಂದಿಗೆಲ್ಲ ತಿಂಡಿ ಮಾಡಿಟ್ಟು, ತುಮಕೂರಿನ ಸದಾಶಿವನಗರದಿಂದ ಬಸ್ ಸ್ಟ್ಯಾಂಡಿಗೆ ಬಿರಬಿರನೆ ನಡೆದು, ಗುಬ್ಬಿ ಬಸ್ಸು ಹಿಡಿದು, ಆಫೀಸಿನ ಕುರ್ಚಿಯಲ್ಲಿ ಕೂತು ಸಂಜೆಯವರೆಗೆ ಸರ್ಕಾರವನ್ನು ನಡೆಸುತ್ತಿದ್ದೆ. ಯಾವ ಇಲಾಖೆ ಎಂದು ಮಾತ್ರ ಹೇಳುವುದಿಲ್ಲ. ಪಿಂಚಣಿ ಇನ್ನೂ ಬರುತ್ತಿದೆ.

ಅಂಥ ನಾನು ತಾಲ್ಲೂಕು ನೌಕರರ ಕ್ರೀಡಾಕೂಟದಲ್ಲಿ ಮಹಿಳೆಯರ ಥ್ರೋಬಾಲ್ ತಂಡಕ್ಕೆ ಹೆಸರು ಕೊಟ್ಟಿದ್ದರಲ್ಲಿ ಆಶ್ಚರ್ಯವೇನು? ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುತ್ತಿದ್ದೆ. ಆಮೇಲಿನ ಇಪ್ಪತ್ತಾರು ವರ್ಷ ಚೆಂಡು ಮುಟ್ಟಿರಲಿಲ್ಲ, ಅಷ್ಟೇ!

ಹಿಂದಿನ ದಿನ ನಮ್ಮ ಯಜಮಾನರು ಒಂದು ಮಾತು ಹೇಳಿದ್ದು ನಿಜ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಹೆಸರು ಮಹದೇವಯ್ಯ. ಯಾವ ವಿಷಯವನ್ನೂ ಚಿತ್ರ ಬರೆಯದೆ ಹೇಳಲಾರರು.

"ವಿಶಾಲು, ಒಂದೆರಡು ದಿನನಾದ್ರೂ ಪ್ರಾಕ್ಟೀಸ್ ಮಾಡಬಾರದಾ? ಮೈ ಬಿಸಿ ಮಾಡ್ಕೊಂಡು ಆಡ್ಬೇಕು ಕಣೇ," ಎಂದು ಹಾಲಿನ ಚೀಟಿಯ ಹಿಂದೆ ಒಂದು ಕಾಲಿನ ಚಿತ್ರ ಬರೆಯತೊಡಗಿದರು.

"ಇಪ್ಪತ್ತು ವರ್ಷದಿಂದ ನಿಮ್ಮನೆ ಒಲೆ ಮುಂದೆ ನಿಂತಿದೀನಿ. ಇನ್ನೆಷ್ಟು ಬಿಸಿ ಮಾಡ್ಕೊಳ್ಳಿ?" ಎಂದೆ. ಅವರು ಚಿತ್ರವನ್ನು ಅರ್ಧಕ್ಕೇ ನಿಲ್ಲಿಸಿ ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

ಇಲ್ಲಿ ಸರೋಜಳ ವಿಚಾರ ಹೇಳಬೇಕು. ಅವಳಿಲ್ಲದೆ ಈ ಕಥೆಯೇ ಇಲ್ಲ. ಆಫೀಸಿನಲ್ಲಿ ಅವಳದು ನನ್ನ ಪಕ್ಕದ ಮೇಜು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗಿಬರುವವರು. ಅವಳ ಮನೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇದ್ದುದರಿಂದ ಅವಳು ಮೊದಲು ಬಂದು, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಕ್ಕೆ ಹಳದಿ ಅಂಚಿನ ಕರ್ಚೀಫು ಎಸೆದು ನನಗೆ ಸೀಟು ಹಿಡಿಯುತ್ತಿದ್ದಳು. ನಾನು ರಾಣಿಯ ಹಾಗೆ ಬಂದು ಕಿಟಕಿ ಪಕ್ಕ ಕೂರುತ್ತಿದ್ದೆ.

ಈ ಸರೋಜ ಕಾಲು ಮುಂದಾಗಿ ಹುಟ್ಟಿದವಳು. ಅದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೆರಿಗೆಯಲ್ಲಿ ತಲೆಯ ಬದಲು ಕಾಲು ಮೊದಲು ಬಂದ ಮಗು ದೊಡ್ಡದಾದ ಮೇಲೆ ಯಾರ ಸೊಂಟಕ್ಕೆ ಒಂದು ಒದೆ ಕೊಟ್ಟರೂ ಉಳುಕು ಬಿಟ್ಟುಹೋಗುತ್ತದೆ ಎಂಬುದು ನಂಬಿಕೆ. ನಮ್ಮ ಆಫೀಸಿನಲ್ಲೋ, ಫೈಲಿನ ಕಟ್ಟು ಎತ್ತಿ ಎತ್ತಿ ಉಳುಕದ ಸೊಂಟವೇ ಇರಲಿಲ್ಲ. ಹಾಗಾಗಿ ಸರೋಜಳಿಗೆ ವಾರಕ್ಕೊಂದು ಒದೆಯಾದರೂ ಗ್ಯಾರಂಟಿ. ಸೂಪರಿಂಟೆಂಡೆಂಟ್ ನಂಜುಂಡಪ್ಪನವರೇ ಒಂದು ದಿನ ಬಾಗಿಲು ಹಾಕಿಸಿ, ಬೀರು ಹಿಡಿದುಕೊಂಡು ಬೆನ್ನು ತೋರಿಸಿ ನಿಂತು, "ಮೆತ್ತಗೆ ಕಣಮ್ಮ, ಸರ್ವೀಸ್ ಇನ್ನೂ ನಾಲ್ಕು ವರ್ಷ ಐತೆ," ಎಂದು ಒದೆಸಿಕೊಂಡಿದ್ದರು. ಸರೋಜ "ತಪ್ಪು ತಿಳ್ಕೋಬೇಡಿ ಸಾರ್" ಎಂದು ಕೈಮುಗಿದು ಒದ್ದಿದ್ದಳು. ಮಾರನೆಯ ದಿನ ಸಾಹೇಬರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಅಂಥಾ ಕಾಲು ಅದು.

ಆ ವರ್ಷ ತಂಡಕ್ಕೆ ಸರೋಜಳೇ ಕ್ಯಾಪ್ಟನ್. ನನ್ನ ಹಾಗಲ್ಲ ಅವಳು. ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೇ ನೆಟ್ ಮಾಡಿಕೊಂಡು ಮೂರು ತಿಂಗಳಿಂದ ಚೆಂಡು ಎಸೆದು ಅಭ್ಯಾಸ ಮಾಡಿದ್ದಳು. ಇಲ್ಲಿ ಗೆದ್ದರೆ ತುಮಕೂರಿನಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಮದುವೆ, ಮಕ್ಕಳು, ಕೆಲಸ ಎಂದು ಜೀವನದಲ್ಲಿ ಯಾವುದಕ್ಕೂ ಆಸೆಪಟ್ಟವಳಲ್ಲ, ಜಿಲ್ಲೆಗೆ ಆಡಬೇಕು ಅಂತ ಮಾತ್ರ ಬಾಯಿಬಿಟ್ಟು ಹೇಳಿದ್ದಳು.

ಪಂದ್ಯ ಶನಿವಾರ, ಗುಬ್ಬಿಯ ಒಂದು ಸ್ಕೂಲಿನ ಮೈದಾನದಲ್ಲಿ. ಎದುರಿಗೆ ಶಿಕ್ಷಕಿಯರ ತಂಡ. ಸ್ಕೋರು ಹನ್ನೆರಡು ಹನ್ನೆರಡು. ನಾನು ನಡುವಿನ ಸಾಲು, ಸರೋಜ ನನ್ನ ಬೆನ್ನ ಹಿಂದಿನ ಸಾಲು. ಚೆಂಡು ನನ್ನ ತಲೆಯ ಮೇಲೆ ಹಾದು ಹೋಗುತ್ತಿತ್ತು. ಹಿಂದಿನಿಂದ "ಬುಡೇ, ನಂದು!" ಎಂದು ಕೂಗಿದ್ದು ಕೇಳಿಸಿತು. ಕೇಳಿಸಿದ್ದನ್ನೆಲ್ಲ ಪಾಲಿಸುವ ಅಭ್ಯಾಸ ನನಗಿಲ್ಲ. ಒಂದು ಹೆಜ್ಜೆ ಹಿಂದಕ್ಕಿಟ್ಟು, ಬಲಗಾಲು ಊರಿ, ಚೆಂಡಿಗೆ ಎಗರಿದೆ.

ಟಪ್!

ಯಾರೋ ಹಿಮ್ಮಡಿಯ ಮೇಲ್ಭಾಗಕ್ಕೆ ಗಟ್ಟಿಯಾಗಿ ಒದ್ದರು. ಒದ್ದಂತಾಯಿತು ಅಂತ ಅಲ್ಲ, ಒದ್ದೇ ಒದ್ದರು! ನಾನು ಹಲಸಿನಹಣ್ಣಿನ ಹಾಗೆ ದೊಪ್ಪನೆ ನೆಲಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ತಿರುಗಿ ನೋಡಿದೆ. ಹಿಂದೆ ನಿಂತಿದ್ದವಳು ಸರೋಜ. ಇನ್ನೇನು ಸಾಕ್ಷಿ ಬೇಕು?

"ಏನೇ ಸರೋಜಾ! ಒಂದು ಬಾಲ್‌ಗೋಸ್ಕರ ಒದ್ದುಬಿಟ್ಟೆಯಲ್ಲೇ! ಮನುಷ್ಯಳೇನೇ ನೀನು?"

ಅಂಪೈರಾಗಿದ್ದ ಪಿ.ಟಿ. ಮೇಷ್ಟ್ರು ಓಡಿಬಂದರು. "ಮೇಡಂ, ಅವರು ನಿಮ್ಮಿಂದ ಐದಡಿ ಹಿಂದಿದ್ರು. ನಾನೇ ನೋಡ್ದೆ."

"ಅವಳ ಕಾಲಿನ ವಿಚಾರ ನಿಮಗೇನ್ರೀ ಗೊತ್ತು? ಹುಟ್ಟಿದಾಗಿಂದ ಮುಂದೇ ಇರೋ ಕಾಲು ಅದು!" ಎಂದೆ.

ಸರೋಜಳ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಬಗ್ಗಿ ತನ್ನ ಬಲಗಾಲನ್ನೇ ನೋಡುತ್ತ ನಿಂತಿದ್ದಳು. ಕಳ್ಳರು ಸಿಕ್ಕಿಬಿದ್ದಾಗ ಹೀಗೇ ನಿಲ್ಲುತ್ತಾರೆ ಎಂದು ನಾನು ತೀರ್ಮಾನಿಸಿದೆ. ನನ್ನ ಬದಲಿಗೆ ಬೇರೆಯವಳು ಇಳಿದಳು. ನಮ್ಮ ತಂಡ ಹದಿನೈದು ಹದಿಮೂರಕ್ಕೆ ಗೆದ್ದಿತು. ನಾನಿಲ್ಲದೆ ಗೆದ್ದರಲ್ಲ ಎಂಬುದು ಎರಡನೇ ಒದೆ!

ಐಸ್‌ಕ್ಯಾಂಡಿ ಗಾಡಿಯವನು ಕೊಟ್ಟ ಮಂಜುಗಡ್ಡೆಯನ್ನು ಕಾಲಿಗೆ ಕಟ್ಟಿಕೊಂಡು ಮರದ ಕೆಳಗೆ ಕೂತವಳು ಸುಮ್ಮನಿದ್ದೆನೇ? ಬೇರೆಯವರಾಗಿದ್ದರೆ ಅಳುತ್ತಿದ್ದರು. ನಾನು ಒಂದು ಬಿಳಿ ಹಾಳೆ ಕೇಳಿದೆ. ಇಪ್ಪತ್ತು ವರ್ಷ ಟಿಪ್ಪಣಿ ಬರೆದ ಕೈ ಇದು. ಕಾಲು ಹೋದರೂ ಕೈ ನಿಲ್ಲಲಿಲ್ಲ.

"ಮಾನ್ಯರೇ, ವಿಷಯ: ಕರ್ತವ್ಯನಿಷ್ಠ ಆಟಗಾರ್ತಿಯೊಬ್ಬರಿಗೆ ಸ್ವಪಕ್ಷದವರಿಂದಲೇ ಹಿಂಬದಿಯಿಂದ ಒದೆ ಬಿದ್ದಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕಾಲು ಒದೆಯುವುದರಲ್ಲಿ ನುರಿತದ್ದೆಂಬುದು ಕಚೇರಿಯ ಸಮಸ್ತರಿಗೂ, ವಿಶೇಷವಾಗಿ ತಮ್ಮ ಸೊಂಟಕ್ಕೂ ವೇದ್ಯವಿರುವ ಸಂಗತಿಯಾಗಿದ್ದು..." ಹೀಗೆ ಎರಡು ಪುಟ. ಕೆಳಗೆ ಸಹಿ. ಕ್ರೀಡಾ ಸಮಿತಿಯ ಸಂಚಾಲಕರಾಗಿದ್ದ ನಂಜುಂಡಪ್ಪನವರ ಕೈಗೆ ಕೊಟ್ಟು, ಅಲ್ಲೇ ಸ್ವೀಕೃತಿ ಹಾಕಿಸಿಕೊಂಡು, ಆಫೀಸಿನ ಜೀಪಿನಲ್ಲಿ ತುಮಕೂರಿಗೆ ಹೊರಟೆ.

ಡಾಕ್ಟರು ನನ್ನನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಎಡಗಾಲು ಹಿಂಡಿದರೆ ಪಾದ ಅಲ್ಲಾಡಿತು. ಬಲಗಾಲು ಹಿಂಡಿದರೆ ಅಲ್ಲಾಡಲಿಲ್ಲ. ಮತ್ತೆ ಹಿಂಡಿದರು. ಪಾದ ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ ಇತ್ತು.

"ಟಪ್ ಅಂತ ಶಬ್ದ ಬಂತಾ?"

"ಬಂತು."

"ಯಾರೋ ಹಿಂದಿಂದ ಒದ್ದ ಹಾಗಾಯ್ತಾ?"

ನಾನು ಮಲಗಿದ್ದಲ್ಲಿಂದಲೇ ತಲೆ ಎತ್ತಿ, ಆಸ್ಪತ್ರೆಗೆ ಓಡಿಬಂದಿದ್ದ ಯಜಮಾನರನ್ನು ನೋಡಿದೆ. "ಕೇಳಿಸ್ಕೊಂಡ್ರಾ? ನಾನು ಹೇಳೇ ಇಲ್ಲ, ಡಾಕ್ಟ್ರೇ ಹೇಳ್ತಿದಾರೆ! ಬರ್ಕೊಳಿ ಡಾಕ್ಟ್ರೇ, ಒದ್ದವಳ ಹೆಸರು ಸರೋಜ!"

"ಯಾರೂ ಒದ್ದಿಲ್ಲಮ್ಮ," ಎಂದರು ಡಾಕ್ಟರು ಶಾಂತವಾಗಿ. "ಹಿಮ್ಮಡಿ ಮೇಲಿನ ಟೆಂಡನ್ ಕಿತ್ತೋಗಿದೆ. ಅದು ಕಿತ್ತೋದಾಗ ಎಲ್ರಿಗೂ ಒದ್ದ ಹಾಗೇ ಆಗುತ್ತೆ. ಹೋದ ತಿಂಗಳು ಒಬ್ರು ಶಟಲ್ ಆಡ್ತಾ ಹಿಂದೆ ತಿರುಗಿ ಪಾರ್ಟ್ನರ್‌ಗೆ ಬ್ಯಾಟಲ್ಲಿ ಬಾರಿಸ್ಬಿಟ್ಟಿದ್ರು. ಅವರಿಗೂ ಯಾರೂ ಒದ್ದಿರಲಿಲ್ಲ."

ಯಜಮಾನರಿಗೆ ಖುಷಿಯೋ ಖುಷಿ! ಜೇಬಿನಿಂದ ಆ ಹಾಲಿನ ಚೀಟಿ ತೆಗೆದು ಉಳಿದ ಅರ್ಧ ಚಿತ್ರವನ್ನು ಪೂರ್ತಿ ಮಾಡಿದರು. "ನೋಡೇ, ಇದು ಸೈಕಲ್ ಬ್ರೇಕ್ ವೈರ್ ಇದ್ದ ಹಾಗೆ. ವರ್ಷಗಟ್ಟಲೆ ಉಪಯೋಗಿಸದೆ ಇದ್ದು ಒಂದೇ ಸಲ ಜಗ್ಗಿದ್ರೆ—"

"ನನ್ನನ್ನ ಸೈಕಲ್ ಅಂತೀರಾ?"

ಡಾಕ್ಟರು ಅರ್ಧ ಪ್ಲಾಸ್ಟರಿನ ಅಚ್ಚು ಇಟ್ಟು ಬ್ಯಾಂಡೇಜು ಸುತ್ತಿದರು. ಊತ ಇಳಿದ ಮೇಲೆ ಸೋಮವಾರ ಪೂರ್ತಿ ಪ್ಲಾಸ್ಟರು ಎಂದರು. ನಾನು ಮನೆಗೆ ಬಂದು ಮಂಚದ ಮೇಲೆ ಕೂತು ಯೋಚಿಸಿದೆ. ಯಾರೂ ಒದ್ದಿಲ್ಲ ಎಂದು ಒಪ್ಪಿಕೊಂಡರೆ ಏನಾಗುತ್ತದೆ? ಮೊದಲನೆಯದಾಗಿ, ನನಗೆ ವಯಸ್ಸಾಗಿದೆ ಎಂದಾಗುತ್ತದೆ. ಅದನ್ನಾದರೂ ಹೇಗೋ ತಡೆದುಕೊಳ್ಳಬಹುದು. ಸರೋಜಳ ಹತ್ತಿರ ಹೋಗಿ ತಪ್ಪಾಯಿತು ಎನ್ನಬೇಕಾಗುತ್ತದಲ್ಲ! ಅದಕ್ಕಿಂತ ಇನ್ನೊಂದು ಕಾಲಿನ ಟೆಂಡನ್ನೂ ಹೋಗಲಿ ಅನ್ನಿಸಿತು.

ಈ ಡಾಕ್ಟರಿಗೆ ಟೆಂಡನ್ ಗೊತ್ತು, ಒಪ್ಪಿದೆ. ಆದರೆ ಒದೆಯ ಬಗ್ಗೆ ಏನು ಗೊತ್ತು? ಓದಿದವರು, ಒದೆ ತಿಂದವರಲ್ಲ. ನನಗೆ ಬೇಕಾಗಿದ್ದು ಒದೆಯ ತಜ್ಞರು. ಆಗ ಹೊಳೆಯಿತು, ಕುಣಿಗಲ್!

ಕುಣಿಗಲ್ಲಿನಲ್ಲಿ ಬಾಷಾ ಸಾಬರು ಎಂಬ ವೃದ್ಧರಿದ್ದರು. ಯಜಮಾನರ ಸ್ನೇಹಿತರ ಪರಿಚಯ. ನಲವತ್ತು ವರ್ಷ ರೇಸ್ ಕುದುರೆಗಳ ಲಾಯದಲ್ಲಿ ಕುದುರೆ ನೋಡಿಕೊಂಡು ನಿವೃತ್ತರಾದವರು. ಕುದುರೆಯ ಕಾಲಿನ ನರ ಹಿಡಿದು ನೋಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲವಂತೆ. ನಲವತ್ತು ವರ್ಷದಲ್ಲಿ ಎಷ್ಟು ಒದೆ ತಿಂದಿರಬೇಡ! ಅವರು "ಇದು ಒದೆ" ಎಂದು ಒಂದು ಮಾತು ಹೇಳಿದರೆ ಯಾವ ಸರ್ಟಿಫಿಕೇಟೂ ಬೇಡ.

"ನಿಂಗೆ ತಲೆ ಕೆಟ್ಟಿದೆ," ಎಂದರು ಯಜಮಾನರು.

"ಕೆಟ್ಟಿರೋದು ಕಾಲು. ವ್ಯಾನ್ ಕರೀರಿ."

ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಕುಣಿಗಲ್ಲಿಗೆ ಹೋದೆ. ದಾರಿಯ ಪ್ರತಿ ಗುಂಡಿಯೂ ನನ್ನ ಹಿಮ್ಮಡಿಯನ್ನು ವಿಚಾರಿಸಿಕೊಂಡಿತು. ಬಾಷಾ ಸಾಬರು ಮನೆ ಮುಂದೆ ಕುರ್ಚಿ ಹಾಕಿಸಿ ಕೂರಿಸಿದರು. ಎಪ್ಪತ್ತು ದಾಟಿದ ಬಡಕಲು ಮನುಷ್ಯ, ಮೆಲುದನಿ. "ಡಾಕ್ಟರ್ ಕಟ್ಟಿದ್ದು ನಾನು ಬಿಚ್ಚಲ್ಲಮ್ಮ. ತಪ್ಪಾಗ್ತದೆ," ಎಂದರು.

"ನಾನೇ ಬಿಚ್ತೀನಿ," ಎಂದು ಬ್ಯಾಂಡೇಜನ್ನು ಸರಸರ ಬಿಚ್ಚಿ ಹಾಕಿದೆ. ಯಜಮಾನರು ತಲೆಯ ಮೇಲೆ ಕೈಹೊತ್ತು ವ್ಯಾನಿನ ಕಡೆ ಹೋದರು.

ಸಾಬರು ಮುಟ್ಟುವ ಮೊದಲು ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳನ್ನು ಮೀನಖಂಡದಿಂದ ಕೆಳಕ್ಕೆ ಮೆಲ್ಲಗೆ ಜಾರಿಸಿದರು. ಹಿಮ್ಮಡಿಗಿಂತ ಮೂರು ಬೆರಳು ಮೇಲೆ ಹೆಬ್ಬೆರಳು ಗುಳಿಗೆ ಬಿದ್ದಂತೆ ನಿಂತಿತು.

"ಒದೆ ತಾನೇ ಸಾಬರೇ?"

ಅವರು ತೋಳಿನ ಅಂಗಿ ಮಡಿಸಿ ಮೊಣಕೈ ಹತ್ತಿರ ಒಂದು ಕಪ್ಪು ಗುರುತು ತೋರಿಸಿದರು. "ಇದು ಒದೆ. ಇಪ್ಪತ್ತೆಂಟು ವರ್ಷ ಆಯ್ತು. ಒದೆ ಬಿದ್ರೆ ಚರ್ಮ ಹೇಳ್ತದಮ್ಮ. ನಿಮ್ದು ಚರ್ಮ ಏನೂ ಹೇಳ್ತಾ ಇಲ್ಲ. ಇದು ಒಳಗಿನ ಹಗ್ಗ ಹರ್ದಿರೋದು."

"ಆದ್ರೆ ಹಿಂದಿಂದ ಒದ್ದ ಹಾಗೇ ಆಯ್ತಲ್ಲ!"

"ಕುದುರೆಗೂ ಹಂಗೇ ಆಗ್ತದೆ. ಓಡ್ತಾ ಓಡ್ತಾ ಹಗ್ಗ ಹರಿದ್ರೆ ಅದೂ ಹಿಂದೆ ತಿರುಗಿ ನೋಡ್ತದೆ, ಯಾರು ಹೊಡೆದಿದ್ದು ಅಂತ." ಸಾಬರು ನಕ್ಕರು. "ಆದ್ರೆ ಕುದುರೆ ಯಾರ ಮೇಲೂ ದೂರು ಹೇಳಲ್ಲಮ್ಮ."

ನಾನು ಎರಡು ಪುಟ ಬರೆದು ಸ್ವೀಕೃತಿ ಹಾಕಿಸಿಕೊಂಡಿರುವ ವಿಷಯ ಅವರಿಗೆ ಗೊತ್ತಿರಲಿಲ್ಲ. ಮಾತು ಬದಲಾಯಿಸಲು, "ಕುದುರೆಗೆ ಹೀಗಾದರೆ ಆಮೇಲೆ ಏನು ಮಾಡ್ತಾರೆ ಸಾಬರೇ?" ಎಂದು ಕೇಳಿದೆ.

ಸಾಬರು ನನ್ನ ಕಣ್ಣು ತಪ್ಪಿಸಿ ಒಳಗೆ ತಿರುಗಿ, "ಅಮ್ಮಂಗೆ ಚಾ ತನ್ನಿ, ಸಕ್ಕರೆ ಜಾಸ್ತಿ ಹಾಕಿ," ಎಂದರು. ಆಮೇಲೆ ಅಚ್ಚನ್ನು ಮತ್ತೆ ಕಾಲಿಗಿಟ್ಟು ಬ್ಯಾಂಡೇಜನ್ನು ಒಂದು ಸುಕ್ಕಿಲ್ಲದ ಹಾಗೆ ಸುತ್ತಿ ಕಟ್ಟಿದರು. ಸೋಮವಾರ ಅದನ್ನು ನೋಡಿ ಡಾಕ್ಟರು, "ಇದನ್ನ ಯಾರು ಕಟ್ಟಿದ್ದು? ನಮ್ಮ ಹುಡುಗರಿಗಿಂತ ಚೆನ್ನಾಗಿದೆ," ಎಂದು ಮೆಚ್ಚಿಕೊಂಡರು.

"ಕುದುರೆ ಡಾಕ್ಟ್ರು," ಎಂದರು ಯಜಮಾನರು.

ಡಾಕ್ಟರು ಮೊಣಕಾಲಿನವರೆಗೆ ಪ್ಲಾಸ್ಟರು ಹಾಕಿ, ಎರಡು ತಿಂಗಳು ಎಂದರು. ಪಾದ ಕೆಳಮುಖವಾಗಿ ಚೂಪಾಗಿ ನಿಂತಿತ್ತು. ಮೆಡಿಕಲ್ ಸರ್ಟಿಫಿಕೇಟಿನಲ್ಲಿ, "ಟೆಂಡನ್ ತಾನಾಗಿಯೇ ಹರಿದಿದ್ದು, ಹೊರಗಿನ ಪೆಟ್ಟಿನ ಗುರುತು ಇರುವುದಿಲ್ಲ" ಎಂದು ಬರೆದು ಸೀಲು ಒತ್ತಿದರು. ಅದನ್ನು ನಾಲ್ಕು ಮಡಿಕೆ ಮಾಡಿ ವ್ಯಾನಿಟಿ ಬ್ಯಾಗಿನ ತಳಕ್ಕೆ ತುರುಕಿದೆ.

ಮರುದಿನ ನಂಜುಂಡಪ್ಪನವರು ಮನೆಗೆ ಫೋನ್ ಮಾಡಿದರು.

"ವಿಶಾಲಾಕ್ಷಮ್ಮ, ನಿಮ್ಮರ್ಜಿಗೆ ನಂಬರ್ ಬಿದ್ದೋಗೈತೆ. ಸರೋಜಮ್ಮಂಗೆ ನೋಟೀಸ್ ಕೊಟ್ಟಿದೀನಿ. ಆಯಮ್ಮ ಬಾಯೇ ಬಿಡ್ತಾ ಇಲ್ಲ, ಉತ್ತರನೂ ಬರೀತಾ ಇಲ್ಲ. ನೀವಾದ್ರೂ ವಾಪಸ್ ತಗೊಳ್ರಮ್ಮ."

"ಯಾಕ್ ತಗೋಬೇಕು ಸಾರ್?"

"ಹಂಗಾರೆ ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸಿ. ಮುಂದಿನ ವಾರ ಶುಕ್ರವಾರ ಸಂಜೆ ಟೀಮ್ ಪಟ್ಟಿ ಜಿಲ್ಲೆಗೆ ಹೋಗ್ತದೆ. ಅಷ್ಟ್ರೊಳಗೆ ಇತ್ಯರ್ಥ ಆಗ್ದೇ ಇದ್ರೆ ಆಯಮ್ಮನ ಹೆಸರು ಬಿಟ್ಟೇ ಕಳಿಸ್ಬೇಕು. ವಿಚಾರಣೆ ಬಾಕಿ ಇರೋರ್ನ ಆಡ್ಸಂಗಿಲ್ಲ."

ಫೋನ್ ಇಟ್ಟೆ. ವ್ಯಾನಿಟಿ ಬ್ಯಾಗು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಹತ್ತು ದಿನ ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು. ಯಜಮಾನರು ದಿನಕ್ಕೆರಡು ಸಲ, "ಕೊಟ್ಬಿಡೇ ಅದನ್ನ. ಆಯಮ್ಮ ಒಂದು ಆಟ ಆಡ್ಲಿ," ಎನ್ನುತ್ತಿದ್ದರು. ನಾನು ಬೇಕೆಂದೇ ಟೀವಿ ಸದ್ದು ಜೋರು ಮಾಡುತ್ತಿದ್ದೆ. ಮಲಗಿದರೆ ಸರೋಜಳ ಹಿತ್ತಲಿನ ಬಟ್ಟೆ ತಂತಿ ಕಣ್ಣಮುಂದೆ ಬರುತ್ತಿತ್ತು. ಆಗ ಎದ್ದು ಕೂತು, "ಒದ್ದಿಲ್ಲ ಅಂದ್ರೆ ಒದ್ದಿಲ್ಲ ಅಂತ ಯಾಕ್ ಬರೀಲಿಲ್ಲ ಅವಳು?" ಎಂದು ಗೋಡೆಯನ್ನು ಕೇಳುತ್ತಿದ್ದೆ. ನಿಜ ಹೇಳುತ್ತೇನೆ, ಕಾಲಿಗಿಂತ ಅದೇ ಹೆಚ್ಚು ನೋಯುತ್ತಿತ್ತು. ಒಂದು ಜಗಳವನ್ನಾದರೂ ಆಡಬಾರದೇ ಮಹರಾಯಿತಿ!

ಆ ಶುಕ್ರವಾರ ಬಂತು. ನಾನು ಬೆಳಿಗ್ಗೆ ಎದ್ದವಳೇ, "ಇವತ್ತು ಆಫೀಸಿಗೆ ಹೋಗ್ತೀನಿ," ಎಂದು ಘೋಷಿಸಿದೆ.

"ರಜೆ ಮಂಜೂರಾಗಿದೆ ಕಣೇ. ಪ್ಲಾಸ್ಟರ್ ಹಾಕ್ಕೊಂಡು ಬಸ್ ಹತ್ತುತೀಯಾ?"

"ಹತ್ತುತೀನಿ. ಒಂದು ನರ ಹರಿದಿದ್ದಕ್ಕೆ ಮೂಲೆಗೆ ಬೀಳೋಳಲ್ಲ ನಾನು. ಎಲ್ರೂ ನೋಡ್ಲಿ." ಎಲ್ಲರೂ ಎಂದರೆ ಯಾರು ಎಂದು ಅವರು ಕೇಳಲಿಲ್ಲ. ನನ್ನ ಯೋಜನೆ ಸರಳವಾಗಿತ್ತು. ಪ್ಲಾಸ್ಟರ್ ಕಾಲನ್ನು ಸರೋಜಳ ಮೇಜಿನ ಎದುರಿಗೇ ಒಂದು ಸ್ಟೂಲಿನ ಮೇಲೆ ಇಟ್ಟುಕೊಂಡು ಸಂಜೆಯವರೆಗೆ ಕೂರುವುದು. ಸರ್ಟಿಫಿಕೇಟು ಬ್ಯಾಗಿನ ತಳದಲ್ಲೇ ಇರಲಿ.

ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಬಂದೆ. ಎರಡು ಊರುಗೋಲು ಊರಿಕೊಂಡು, ಯಜಮಾನರು ಹಿಂದಿನಿಂದ ತಳ್ಳಿ, ಕಂಡಕ್ಟರು ಮೇಲಿನಿಂದ ಎಳೆದು, ಅಂತೂ ಗುಬ್ಬಿ ಬಸ್ಸಿನೊಳಕ್ಕೆ ಅಕ್ಕಿಮೂಟೆಯ ಹಾಗೆ ಸೇರಿದೆ. ಯಜಮಾನರು ಕೆಳಗೆ ನಿಂತು ಕೈಬೀಸಿದರು. ಬಸ್ಸು ಕಿಕ್ಕಿರಿದಿತ್ತು. ಎಲ್ಲ ಸೀಟೂ ಭರ್ತಿ. ನಿಂತಿದ್ದವರೇ ಇಪ್ಪತ್ತು ಜನ. ಒಂದು ಸೀಟು ಮಾತ್ರ ಖಾಲಿ. ಎಡಗಡೆ ಮೂರನೆಯದು, ಕಿಟಕಿ ಪಕ್ಕ.

ಅದರ ಮೇಲೆ ಹಳದಿ ಅಂಚಿನ ಕರ್ಚೀಫು ಇತ್ತು.

"ನಿಮ್ದೇ ಸೀಟು ಮೇಡಂ," ಎಂದ ಕಂಡಕ್ಟರು. "ಹದಿಮೂರು ದಿನದಿಂದ ಖಾಲಿನೇ ಓಡ್ತಾ ಐತೆ. ಯಾರಾನ ಕೂತ್ಕಂಡ್ರೆ ಆಯಮ್ಮ ಜಗಳಕ್ಕೇ ಬತ್ತಾರೆ. 'ಇವತ್ತು ಬಂದ್ರೂ ಬರ್ತಾಳೆ ಕಣಪ್ಪ' ಅಂತಾರೆ. ನಾನೂ ಸುಮ್ನಾದೆ."

ಸರೋಜ ಅದರ ಪಕ್ಕದ ಸೀಟಿನಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತು ದಾರಿ ಬಿಟ್ಟಳು. ಮುಖ ಎತ್ತಲಿಲ್ಲ. ನಾನು ಕರ್ಚೀಫು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತೆ. ಅದನ್ನು ಒಗೆದು ಇಸ್ತ್ರಿ ಮಾಡಿದ್ದಳು. ನನಗೆ ಅಳು ಬಂದುಬಿಟ್ಟಿತು. ಟೆಂಡನ್ ಹರಿದಾಗ ಬಾರದ ಅಳು, ಕುಣಿಗಲ್ಲಿನ ಗುಂಡಿಗಳಲ್ಲಿ ಬಾರದ ಅಳು, ಆ ಕರ್ಚೀಫಿನಿಂದ ಬಂತು. ಅದರಲ್ಲೇ ಮೂಗು ಒರೆಸಿಕೊಂಡು, ಬ್ಯಾಗಿನ ತಳಕ್ಕೆ ಕೈಹಾಕಿ ಸರ್ಟಿಫಿಕೇಟು ತೆಗೆದು ಅವಳ ಮಡಿಲಿಗೆ ಹಾಕಿದೆ.

"ಓದೇ. ಜೋರಾಗಿ ಬೇಡ."

ಅವಳು ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು, "ಹಂಗಾರೆ ನಾನು ಒದೀಲಿಲ್ವಾ?" ಎಂದಳು.

ನನಗೆ ಅರ್ಥವಾಗಲಿಲ್ಲ. "ಅದನ್ನ ನನ್ನ ಕೇಳ್ತೀಯಲ್ಲೇ! ಒದ್ದಿದ್ಯೋ ಇಲ್ವೋ ಅಂತ ನಿಂಗೇ ಗೊತ್ತಿಲ್ವಾ?"

"ಇಲ್ಲ ಕಣೇ," ಎಂದಳು ಸರೋಜ. "ನಂಗೇ ಅನುಮಾನ ಆಗಿತ್ತು. 'ಬುಡೇ, ನಂದು' ಅಂತ ಕೂಗ್ಕೊಂಡೆ. ನೀನು ಕೇಳ್ದೆ ನನ್ ಬಾಲ್‌ಗೇ ಎಗರ್ದೆ. ಆಗ ಮನಸ್ನಲ್ಲಿ, ಇವಳಿಗೆ ಬಿಡಬೇಕು ಒಂದು ಅಂತ ಅಂದ್ಕೊಂಡೆ. ಅಂದ್ಕೊಂಡಿದ್ದಷ್ಟೇ! ಅಷ್ಟ್ರಲ್ಲಿ ಟಪ್ ಅಂತು, ನೀನು ಬಿದ್ದೆ. ಐದಡಿ ದೂರ ಇದ್ದೆ ಅಂತ ಎಲ್ರೂ ಅಂತಾರೆ. ಆದ್ರೆ ನನ್ ಕಾಲು ಎಂಥದ್ದು ಅಂತ ನಂಗೊತ್ತಲ್ಲ. ನಾನು ಮನಸ್ನಲ್ಲಿ ಅಂದಿದ್ದು ಅದಕ್ಕೆ ಕೇಳಿಸ್ಬಿಡ್ತೇನೋ ಅಂತ ಹದಿಮೂರು ದಿನ ಊಟ ಸೇರಿಲ್ಲ ಕಣೇ. ನೋಟೀಸ್‌ಗೆ ಏನಂತ ಬರೀಲಿ? ಒದ್ದಿಲ್ಲ ಅಂತ ಬರೆದು ಒದ್ದಿದ್ರೆ?"

ನಾನು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದೆ. ಅಂದರೆ, ನನ್ನ ಎರಡು ಪುಟದ ಅರ್ಜಿಯನ್ನು ಈ ಭೂಮಿಯ ಮೇಲೆ ಪೂರ್ತಿ ನಂಬಿದವಳು ಇವಳೊಬ್ಬಳೇ!

"ಅದೊಂದೇ ಸಲನಾ ನಂಗೆ ಒದೀಬೇಕು ಅನ್ಸಿದ್ದು?" ಎಂದು ಕೇಳಿದೆ. ಕೇಳಬಾರದಿತ್ತು.

"ಹನ್ನೊಂದು ವರ್ಷದಿಂದ ಅನ್ಸ್ತಾನೇ ಇದೆ," ಎಂದಳು, ಈಗ ಧೈರ್ಯ ಬಂದವಳಾಗಿ. "ದಿನಾ ಸೀಟು ಹಿಡಿಯೋಳು ನಾನು, ಕಿಟಕಿ ನಿಂಗೆ. ಒಂದಿನನಾದ್ರೂ ಥ್ಯಾಂಕ್ಸ್ ಅಂದಿದೀಯಾ? ನನ್ ಡಬ್ಬಿ ಪುಳಿಯೋಗರೆ ಅರ್ಧ ನೀನು ತಿಂದು, ಉಪ್ಪು ಕಮ್ಮಿ ಅಂತೀಯ. ಬಸ್ಸಲ್ಲಿ ನನ್ ಹೆಗಲ ಮೇಲೆ ನಿದ್ದೆ ಮಾಡಿ, ನಿನ್ ಮೂಳೆ ಚುಚ್ಚುತ್ತೆ ಅಂತ ನಂಗೇ ಬೈತೀಯ—"

"ಸಾಕು ಬುಡೇ," ಎಂದೆ. ಮುಂದಿನ ಸೀಟಿನವರು ಪೂರ್ತಿ ಹಿಂದೆ ತಿರುಗಿ ಕೂತಿದ್ದರು. "ತಪ್ಪಾಯ್ತು ಸರೋಜ. ಎಲ್ಲದಕ್ಕೂ." ಹೇಳಿಯೇಬಿಟ್ಟೆ. ಪ್ರಾಣವೇನೂ ಹೋಗಲಿಲ್ಲ.

ಬಸ್ಸು ಊರು ದಾಟಿತು. ಆಮೇಲೆ ನಾನೇ ಮೆಲ್ಲಗೆ, "ಅಲ್ಲ ಕಣೇ, ಆ ಕಾಲಲ್ಲಿ ಇದನ್ನ ಒಂದು ಮೂರು ಸಲ ಮುಟ್ಟಬಾರದಾ? ಬೇಗ ಕೂಡ್ಕೊಂಡ್ರೂ ಕೂಡ್ಕೊಳ್ಳುತ್ತೆ," ಎಂದೆ.

"ಬೇಡವ್ವ! ಮತ್ತೆ ಅರ್ಜಿ ಬರೀತೀಯ!"

"ಬರೆಯಲ್ಲ."

"ಬರೆಯಲ್ಲ ಅಂತ ಬರ್ಕೊಡು."

ಬರೆದುಕೊಟ್ಟೆ. ಸರ್ಟಿಫಿಕೇಟು ಇಟ್ಟಿದ್ದ ಕವರಿನ ಹಿಂದೆ, ಕುಲುಕುವ ಬಸ್ಸಿನಲ್ಲಿ, "ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿ ಒದೆಯನ್ನು ನಾನು ಸ್ವಇಚ್ಛೆಯಿಂದ ಕೋರಿ ಪಡೆದಿರುತ್ತೇನೆ" ಎಂದು ಬರೆದು ಸಹಿ ಹಾಕಿದೆ. ಸಾಕ್ಷಿ ಸಹಿ ಕಂಡಕ್ಟರದು. ಸರೋಜ ಚಪ್ಪಲಿ ಬಿಟ್ಟು, ಕೈಮುಗಿದು, ಪ್ಲಾಸ್ಟರನ್ನು ಹೆಬ್ಬೆರಳಿನಿಂದ ಮೂರು ಸಲ ಮುಟ್ಟಿದಳು. ಇಡೀ ಬಸ್ಸು ಎದ್ದು ನಿಂತು ನೋಡಿತು. ಹಿಂದಿನ ಸೀಟಿನ ಅಜ್ಜಿಯೊಬ್ಬರು, "ಅವ್ವಾ, ನನ್ ಸೊಂಟಕ್ಕೂ ಒಂದು ಹಾಕವ್ವ," ಎಂದು ಬೆನ್ನು ತಿರುಗಿಸಿ ನಿಂತರು.

ಆಫೀಸಿಗೆ ಹೋಗಿ ಸರ್ಟಿಫಿಕೇಟು ಲಗತ್ತಿಸಿದೆ. ನಂಜುಂಡಪ್ಪನವರು ಕನ್ನಡಕ ಏರಿಸಿ, "ಪರಿಶೀಲಿಸಲಾಗಿ, ಒದೆಯು ಸಂಭವಿಸಿರುವುದಿಲ್ಲ. ಕಡತ ಮುಕ್ತಾಯಗೊಳಿಸಿದೆ," ಎಂದು ಬರೆದರು. ಸರೋಜಳ ಹೆಸರು ಪಟ್ಟಿಯ ಮೊದಲಿಗೇ ಹೋಯಿತು. ಜಿಲ್ಲೆಯಲ್ಲಿ ಅವಳು ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಸೋತಳು. ನಾನು ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಊರುಗೋಲು ಎತ್ತಿ ಎತ್ತಿ ಕೂಗಿದ್ದಕ್ಕೆ ಅಂಪೈರು ಎರಡು ಸಲ ಎಚ್ಚರಿಕೆ ಕೊಟ್ಟರು. ಸೋತು ಬಂದವಳ ಮುಖದಲ್ಲಿ ಎಂಥಾ ಸಂತೋಷವಿತ್ತು ಅಂತೀರಿ! ಆ ಸಂತೋಷವನ್ನು ಹತ್ತು ದಿನ ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಪ್ಲಾಸ್ಟರು ತೆಗೆದ ದಿನ ಡಾಕ್ಟರು, "ಇನ್ಮೇಲೆ ಕೂತು ನೋಡೋ ಆಟ ಮಾತ್ರ," ಎಂದರು. "ಮುಂದಿನ ವರ್ಷ ಆಡ್ತೀನಿ," ಎಂದೆ. "ಬೇಡಮ್ಮ," ಎಂದರು. "ಆಡ್ತೀನಿ," ಎಂದೆ. ಮೆಟ್ಟಿಲ ಅಂಚಿನಲ್ಲಿ ನಿಂತು ದಿನಕ್ಕೆ ನೂರು ಸಲ ಹಿಮ್ಮಡಿ ಏರಿಸಿ ಇಳಿಸಿದೆ. ಯಜಮಾನರು ಪ್ರತಿ ವಾರ ನನ್ನ ಮೀನಖಂಡವನ್ನು ಟೇಪಿನಿಂದ ಅಳೆದು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದರು. ಒಂದು ವರ್ಷದ ಮೇಲೆ ಅದೇ ಗುಬ್ಬಿ ಮೈದಾನಕ್ಕೆ, ಅದೇ ತಂಡದಲ್ಲಿ, ಮೈಯನ್ನು ಸರಿಯಾಗಿ ಬಿಸಿ ಮಾಡಿಕೊಂಡೇ ಇಳಿದೆ. ಚಪ್ಪಾಳೆ ಬಿತ್ತು. ಬೀಳಲೇಬೇಕಾಗಿತ್ತು!

ಎದೆಯುಬ್ಬಿಸಿಕೊಂಡು ನಡುವಿನ ಸಾಲಿನ ನನ್ನ ಹಳೆಯ ಜಾಗಕ್ಕೆ ಹೋಗಿ ನಿಂತೆ. ನನ್ನ ಹಿಂದಿನ ಸಾಲಿನಲ್ಲಿದ್ದ ಇಬ್ಬರೂ ತಟ್ಟನೆ ಮುಂದಿನ ಸಾಲಿಗೆ ಹೋದರು. ನಾನು ಮುಂದಿನ ಸಾಲಿಗೆ ಹೋದೆ. ಈಗ ನನ್ನ ಹಿಂದಾದವರೆಲ್ಲ ಪಕ್ಕಕ್ಕೆ ಸರಿದರು. ಅಂಪೈರು ಸೀಟಿ ಊದಿ ಊದಿ ಸುಸ್ತಾದರು. ಕೊನೆಗೆ ಕ್ಯಾಪ್ಟನ್ ಸರೋಜ ಬಂದು, ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋಗಿ, ಕಟ್ಟಕಡೆಯ ಸಾಲಿನ ಮೂಲೆಯಲ್ಲಿ ನಿಲ್ಲಿಸಿದಳು. ನನ್ನ ಹಿಂದೆ ಸ್ಕೂಲಿನ ಕಾಂಪೌಂಡ್ ಗೋಡೆ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ.

"ಇಲ್ಲಿ ನಿಂತ್ಕೊ," ಎಂದಳು. "ಏನಾದ್ರೂ ಆದ್ರೆ ಗೋಡೆ ಮೇಲೆ ಅರ್ಜಿ ಬರ್ಕೊ."

ಎಲ್ಲರೂ ನಕ್ಕರು. ನಾನೂ ಗತ್ತಿನಿಂದ ನಕ್ಕೆ. ಆಮೇಲೆ ಯಾರೂ ನೋಡದಿದ್ದಾಗ ಒಂದು ಸಲ ಹಿಂದೆ ತಿರುಗಿ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿ, ಎರಡು ಹೆಜ್ಜೆ ಮುಂದಕ್ಕೆ ಸರಿದು ನಿಂತೆ.